ಮನೆಯ ಸುರಕ್ಷಿತತೆಯ ಪರಿಶೀಲನೆ: ನಮ್ಮ ಸಿದ್ಧತೆ ಹೇಗಿರಬೇಕು?

ಮನೆಗೆ ಅತಿಥಿಗಳು ಬರುವರೆಂದು ತಿಳಿದೊಡನೆ ನಾವು ಮೊದಲು ಮಾಡುವ ಕೆಲಸವೆಂದರೆ ಕಸ ಗುಡಿಸಿ, ನೆಲ ಸಾರಿಸಿ, ಹರಡಿದ ವಸ್ತುಗಳನ್ನೆಲ್ಲ ಮಂಚದ ಕೆಳಗೆ ಸರಿಸಿ ಮನೆಯನ್ನು ಒಪ್ಪವಾಗಿಡುವುದು. ಇದು ಹಿರಿಯರಿಂದ ಬಂದ ಸದಭ್ಯಾಸ. ಇದನ್ನು ಬಿಡಬೇಕೆಂದು ನಾವು ಎಂದಿಗೂ ಹೇಳೆವು. ಆದರೆ ಒಬ್ಬ ಅತಿಥಿ ಬರುವ ದಿನ ಮಾತ್ರ ಈ ಅಭ್ಯಾಸವನ್ನು ತುಸು ಬದಿಗಿಡಬೇಕಾಗುತ್ತದೆ. ವೃದ್ಧರೋ, ಪಾರ್ಶ್ವವಾಯು ಬಡಿದವರೋ, ಕಾಲು ಮುರಿದು ಆಸ್ಪತ್ರೆಯಿಂದ ಮರಳಿದವರೋ ಇರುವ ಮನೆಗೆ ಬಂದು, ಅವರು ಬೀಳದಂತೆ ಮತ್ತು ಆದಷ್ಟು ಸ್ವಾವಲಂಬಿಗಳಾಗಿ ಬಾಳಲು ಏನೇನು ಅನುಕೂಲ ಬೇಕೆಂಬುದನ್ನು ಪರಿಶೀಲಿಸುವ ಔದ್ಯೋಗಿಕ ಚಿಕಿತ್ಸಕರೇ ಆ ಅತಿಥಿ. ಅವರ ಭೇಟಿಗೆ ಮನೆಯವರು ಹೇಗೆ ಸಿದ್ಧರಾಗಬೇಕೆಂಬುದನ್ನು ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಔದ್ಯೋಗಿಕ ಚಿಕಿತ್ಸಕರೆಂದರೆ ಯಾರು?

ಆಸ್ಪತ್ರೆಗಳಲ್ಲಿ ಇವರನ್ನು ಆಕ್ಯುಪೇಷನಲ್ ಥೆರಪಿಸ್ಟ್ ಎಂದೇ ಕರೆಯುವುದು ರೂಢಿ. ಇಲ್ಲಿ ಉದ್ಯೋಗವೆಂದರೆ ಸಂಬಳದ ನೌಕರಿಯೆಂದು ಭಾವಿಸಬಾರದು. ಹಾಸಿಗೆಯಿಂದ ಏಳುವುದು, ಮೈ ತೊಳೆಯುವುದು, ಬಟ್ಟೆ ತೊಡುವುದು, ರೊಟ್ಟಿ ಬಡಿಯುವುದು, ದೇವರ ಮುಂದೆ ದೀಪ ಹಚ್ಚುವುದು, ಮೊಮ್ಮಗನಿಗೆ ಕಥೆ ಹೇಳುವುದು, ಇವೆಲ್ಲವೂ ಉದ್ಯೋಗಗಳೇ. ನಮ್ಮ ಶರಣರು 'ಕಾಯಕ' ಎಂಬ ಮಾತಿಗೆ ಎಂತಹ ಗೌರವವನ್ನು ತಂದುಕೊಟ್ಟರೆಂಬುದನ್ನು ಬಲ್ಲ ಕನ್ನಡಿಗರಿಗೆ ಈ ತತ್ತ್ವ ಹೊಸದಲ್ಲ. ಮನುಷ್ಯನು ತನ್ನ ದಿನದ ಕೆಲಸವನ್ನು ತಾನೇ ಮಾಡಿಕೊಳ್ಳುವಷ್ಟು ಕಾಲ ಅವನ ದೇಹಕ್ಕೂ ಮನಸ್ಸಿಗೂ ಒಂದು ಸ್ಥೈರ್ಯವಿರುತ್ತದೆ. ಫಿಜಿಯೋಥೆರಪಿಯವರು ಕೈಕಾಲುಗಳ ಬಲವನ್ನೂ ಚಲನೆಯನ್ನೂ ಹೆಚ್ಚಿಸಲು ಶ್ರಮಿಸಿದರೆ, ಔದ್ಯೋಗಿಕ ಚಿಕಿತ್ಸಕರು ಆ ಕೈಕಾಲುಗಳಿಂದ ಈ ಮನೆಯಲ್ಲಿ ಈ ಕೆಲಸವನ್ನು ಮಾಡಲು ಸಾಧ್ಯವೇ ಎಂದು ನೋಡುತ್ತಾರೆ. ಸಾಧ್ಯವಾಗದಿದ್ದರೆ ಕೆಲಸದ ರೀತಿಯನ್ನೋ, ಬಳಸುವ ಉಪಕರಣವನ್ನೋ, ಮನೆಯ ಏರ್ಪಾಡನ್ನೋ ಬದಲಿಸುವ ದಾರಿಯನ್ನು ಸೂಚಿಸುತ್ತಾರೆ.

ಈ ವೃತ್ತಿಯವರ ಮೊದಲ ರಾಷ್ಟ್ರೀಯ ಸಂಘವು 1917ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಶುಶ್ರೂಷೆಯಿಂದ ಇದಕ್ಕೆ ಹೆಚ್ಚಿನ ಮನ್ನಣೆ ದೊರೆಯಿತು. ಭಾರತಕ್ಕೆ ಇದನ್ನು ತಂದ ಕೀರ್ತಿ ಕಮಲಾ ನಿಂಬಕರ್ ಅವರದು. ಅಮೆರಿಕೆಯಲ್ಲಿ ಹುಟ್ಟಿ, ಭಾರತೀಯರನ್ನು ವರಿಸಿ, ಈ ದೇಶವನ್ನೇ ತಮ್ಮದಾಗಿಸಿಕೊಂಡ ಆ ಮಹಿಳೆ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆಯ ಶಾಲೆಯನ್ನು ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವು ಹುಟ್ಟಿತು. ಅದೇ ವರ್ಷ ಸ್ಥಾಪಿತವಾದ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. 2021ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯಲ್ಲಿ ಈ ವೃತ್ತಿಯೂ ಸೇರಿದೆ.

ಬೀಳುವುದೇನು ಸಣ್ಣ ವಿಷಯವೇ?

'ವಯಸ್ಸಾಯಿತು, ಬಿದ್ದರು' ಎಂದು ನಾವು ಸಹಜವಾಗಿ ಹೇಳಿಬಿಡುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 6 ಲಕ್ಷ 84 ಸಾವಿರ ಜನರು ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ. ಅವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು. ಆಕಸ್ಮಿಕ ಗಾಯಗಳಿಂದಾಗುವ ಮರಣಗಳಲ್ಲಿ ರಸ್ತೆ ಅಪಘಾತವನ್ನು ಬಿಟ್ಟರೆ ಬೀಳುವುದೇ ಎರಡನೆಯ ಕಾರಣ. ಪ್ರಾಣಾಂತಿಕವಾಗಿ ಬೀಳುವವರಲ್ಲಿ 60 ವರ್ಷ ದಾಟಿದವರೇ ಅಧಿಕ. ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಹಾನಿಯಿದೆ. ಒಮ್ಮೆ ಬಿದ್ದವರು ಮತ್ತೆ ಬೀಳುವೆನೆಂಬ ಭಯದಿಂದ ಓಡಾಟವನ್ನು ಕಡಿಮೆ ಮಾಡುತ್ತಾರೆ. ಓಡಾಟ ಕಡಿಮೆಯಾದಂತೆ ಕಾಲಿನ ಶಕ್ತಿ ಕುಂದುತ್ತದೆ. ಶಕ್ತಿ ಕುಂದಿದಂತೆ ಬೀಳುವ ಸಂಭವ ಇನ್ನಷ್ಟು ಹೆಚ್ಚುತ್ತದೆ.

ಇದಕ್ಕೆ ಉಪಾಯವಿಲ್ಲದೆ ಇಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯು 2023ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿತು. ಮನೆಯೊಳಗಿನ ಅಪಾಯಗಳನ್ನು ಗುರುತಿಸಿ ತಗ್ಗಿಸಿದಾಗ ಹಿರಿಯರು ಬೀಳುವ ಪ್ರಮಾಣ ಸುಮಾರು ಶೇಕಡಾ 26ರಷ್ಟು ಇಳಿಯಿತೆಂದು ಅದರಿಂದ ತಿಳಿದುಬಂತು. ಹಿಂದೆ ಬಿದ್ದವರು, ಇತ್ತೀಚೆಗೆ ಆಸ್ಪತ್ರೆಯಿಂದ ಬಂದವರು, ನಿತ್ಯದ ಕೆಲಸಕ್ಕೆ ನೆರವು ಬೇಕಾದವರು ಮುಂತಾಗಿ ಹೆಚ್ಚಿನ ಅಪಾಯದಲ್ಲಿರುವವರಲ್ಲಿ ಈ ಇಳಿತ ಶೇಕಡಾ 38ರಷ್ಟಿತ್ತು. ಅಂತಹ ಅಪಾಯವಿಲ್ಲದವರಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಈ ಪರಿಶೀಲನೆಯ ಅಗತ್ಯ ಯಾರಿಗೆ ಹೆಚ್ಚೆಂಬುದನ್ನೂ ನಾವು ಇದರಿಂದಲೇ ಅರಿಯಬಹುದು.

ಸಾಂಗೆಯ ಮನೆಗಳು, ನಮ್ಮ ಹಿರಿಯರು

ನಮ್ಮ ಓದುಗರಲ್ಲಿ ಅನೇಕರು ಬಿಜಾಪುರ, ಬಾಗಲಕೋಟೆ, ಗದಗ, ಬೆಳಗಾವಿ, ಕಾರವಾರಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಗೋವೆಗೆ ಬಂದ ಕುಟುಂಬಗಳವರು. ಊರಿನಲ್ಲಿದ್ದ ತಂದೆತಾಯಿಗಳು ಕಾಯಿಲೆ ಬಿದ್ದಾಗ ಅವರನ್ನು ಇಲ್ಲಿಗೆ ಕರೆತರುವುದು ಸಹಜ. ಆದರೆ ಅವರ ಕಾಲಿಗೆ ಈ ಮನೆ ಹೊಸದು. ಊರಿನ ಮನೆಯಲ್ಲಿ ಕತ್ತಲೆಯಲ್ಲೂ ಎಷ್ಟು ಹೆಜ್ಜೆಗೆ ಹೊಸ್ತಿಲು, ಎಲ್ಲಿ ಕಂಬ ಎಂಬುದು ಅವರ ಪಾದಗಳಿಗೇ ಗೊತ್ತಿತ್ತು. ಮನೆಯೆಂದರೆ ಬರಿಯ ಗೋಡೆಯಲ್ಲವೆಂಬುದನ್ನು ಸಾಂಗೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1980ರ ದಶಕದಲ್ಲಿ ಸಾಳಾವಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಕುರ್ಡಿ ಗ್ರಾಮದ ಜನರು ಬೇರೆಡೆ ನೆಲೆಸಿ ದಶಕಗಳೇ ಕಳೆದರೂ, ಬೇಸಿಗೆಯಲ್ಲಿ ನೀರು ಇಳಿದಾಗ ತಮ್ಮ ಮನೆಯ ಅಡಿಪಾಯವಿದ್ದ ಜಾಗವನ್ನು ನೋಡಲು ಹೋಗುತ್ತಾರೆ. ಹೀಗಿರಲು, 'ಈ ಮನೆಯಲ್ಲಿ ಇದನ್ನು ಬದಲಿಸಿರಿ' ಎಂದು ಪರಸ್ಥಳದವರೊಬ್ಬರು ಬಂದು ಹೇಳಿದಾಗ ಹಿರಿಯರ ಮನಸ್ಸು ಮುದುಡುವುದು ಆಶ್ಚರ್ಯವಲ್ಲ.

ಇಲ್ಲಿಯ ಮನೆಗಳಿಗೆ ತಮ್ಮದೇ ಆದ ಅಪಾಯಗಳೂ ಉಂಟು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಗೆ ಅಂಗಳದ ಚಿರೆಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟುತ್ತದೆ. ಬಚ್ಚಲುಮನೆ ಅಥವಾ ಪಾಯಿಖಾನೆ ಮನೆಯ ಹಿಂದೆ ಪ್ರತ್ಯೇಕವಾಗಿದ್ದರೆ ರಾತ್ರಿ ಮಳೆಯಲ್ಲಿ ಅಲ್ಲಿಗೆ ಹೋಗಬೇಕು. ಗಾಳಿ ಬೀಸಿದರೆ ವಿದ್ಯುತ್ ಹೋಗುತ್ತದೆ. ಬಾಡಿಗೆಯ ಚಿಕ್ಕ ಕೋಣೆಗಳಲ್ಲಿ ಕೊಡ, ಬಕೆಟ್ಟು, ಟ್ರಂಕು, ಗೋಣಿಚೀಲಗಳ ನಡುವೆ ಒಂದು ಕಾಲುದಾರಿ ಮಾತ್ರ ಉಳಿದಿರುತ್ತದೆ. ಪರಿಶೀಲಕರು ನೋಡಬೇಕಾದುದು ಇವನ್ನೇ.

ಏನನ್ನು ಸಿದ್ಧಪಡಿಸಬೇಕು?

ಮೊದಲನೆಯದಾಗಿ, ಮನೆಯನ್ನು ಇದ್ದಂತೆಯೇ ಇರಿಸಬೇಕು. ಬಚ್ಚಲಿನ ನೆಲದ ಮೇಲೆ ದಿನವೂ ಇರುವ ಸೋಪಿನ ನೀರು, ಬಾಗಿಲ ಮುಂದಿನ ಮಡಿಸಿದ ಗೋಣಿತಾಟು, ನಡುಮನೆಯಲ್ಲಿ ಅಡ್ಡಲಾಗಿ ಎಳೆದ ಫ್ಯಾನಿನ ತಂತಿ ಇವು ಅಂದು ಮಾತ್ರ ಮಾಯವಾದರೆ ಪರಿಶೀಲಕರು ಇಲ್ಲದ ಮನೆಯೊಂದನ್ನು ನೋಡಿ ಹೋದಂತಾಗುತ್ತದೆ. ಅವರು ತಪ್ಪು ಹುಡುಕಲು ಬಂದ ಇನ್‌ಸ್ಪೆಕ್ಟರರಲ್ಲ. ಅಂಕ ಕೊಡುವ ಪರೀಕ್ಷಕರೂ ಅಲ್ಲ. ವೈದ್ಯರ ಬಳಿ ಹೋಗುವಾಗ ಜ್ವರವನ್ನು ಮುಚ್ಚಿಡುವವರುಂಟೇ?

ಎರಡನೆಯದಾಗಿ, ಒಂದು ವಾರದ ದಿನಚರಿಯನ್ನು ಬರೆದಿಡಬೇಕು. ಈ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳೇ ಯೋಗ್ಯರು. ಅಜ್ಜಿ ಎಷ್ಟು ಹೊತ್ತಿಗೆ ಏಳುತ್ತಾರೆ, ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋಗುತ್ತಾರೆ, ನಡೆಯುವಾಗ ಎಲ್ಲಿ ಗೋಡೆ ಹಿಡಿಯುತ್ತಾರೆ, ಎಲ್ಲಿ ಮುಗ್ಗರಿಸಿದರು, ಯಾವ ಮಾತ್ರೆ ತೆಗೆದುಕೊಂಡ ಮೇಲೆ ತಲೆ ಸುತ್ತಿತು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಗುರುತಿಸಬೇಕು. ಬಿದ್ದುದು ಮಾತ್ರವಲ್ಲ, ಬೀಳುವಂತಾಗಿ ತಪ್ಪಿದ್ದೂ ಮುಖ್ಯವೇ. ಗೋಡೆಯ ಮೇಲೆ ಕೈಯ ಜಿಡ್ಡು ಹತ್ತಿದ ಜಾಗವನ್ನು ನೋಡಿದರೂ ಸಾಕು, ಅವರಿಗೆ ಎಲ್ಲಿ ಆಸರೆ ಬೇಕಾಗಿದೆಯೆಂಬುದು ತಿಳಿಯುತ್ತದೆ.

ಮೂರನೆಯದಾಗಿ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳು, ಕನ್ನಡಕ, ಕಿವಿಯ ಯಂತ್ರ, ಊರುಗೋಲು ಮತ್ತು ದಿನವೂ ಮೆಟ್ಟುವ ಚಪ್ಪಲಿಯನ್ನು ಒಂದೆಡೆ ತೆಗೆದಿರಿಸಬೇಕು. ಪೆಟ್ಟಿಗೆಯಲ್ಲಿರುವ ಹೊಸ ಚಪ್ಪಲಿಯಲ್ಲ, ಹಿಮ್ಮಡಿ ಸವೆದ ಹಳೆಯ ಚಪ್ಪಲಿಯನ್ನೇ ತೋರಿಸಬೇಕು. ರಕ್ತದೊತ್ತಡದ ಹಾಗೂ ನಿದ್ರೆಯ ಕೆಲವು ಔಷಧಿಗಳಿಂದ ಎದ್ದು ನಿಂತೊಡನೆ ತಲೆ ತಿರುಗುವುದುಂಟು. ಹಾಗಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕೇ ಹೊರತು ನಾವೇ ಔಷಧಿಯನ್ನು ನಿಲ್ಲಿಸಬಾರದು.

ನಾಲ್ಕನೆಯದಾಗಿ, ಅಳತೆಗಳು. ಪರಿಶೀಲಕರು ತಾವೇ ಟೇಪು ಹಿಡಿದು ಅಳೆಯುತ್ತಾರಾದರೂ ಮಕ್ಕಳು ಮೊದಲೇ ಅಳೆದಿಟ್ಟರೆ ಸಮಯ ಉಳಿಯುತ್ತದೆ. ಮಂಚದ ಎತ್ತರ, ಕುರ್ಚಿಯ ಎತ್ತರ, ಹೊಸ್ತಿಲಿನ ಮತ್ತು ಪ್ರತಿಯೊಂದು ಮೆಟ್ಟಿಲಿನ ಎತ್ತರ, ಬಾಗಿಲಿನ ಅಗಲ, ಮಂಚದಿಂದ ಪಾಯಿಖಾನೆಗೆ ಇರುವ ದೂರ ಇಷ್ಟನ್ನು ಬರೆದುಕೊಳ್ಳಬೇಕು. ಅಜ್ಜಿಯು ಕುಳಿತಾಗ ಪಾದದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗಿನ ಎತ್ತರವನ್ನೂ ಅಳೆಯಬೇಕು. ಕುಳಿತುಕೊಳ್ಳುವ ಆಸನ ಸುಮಾರು ಆ ಎತ್ತರಕ್ಕಿದ್ದರೆ ಪಾದಗಳು ನೆಲಕ್ಕೆ ಊರುತ್ತವೆ. ಅದಕ್ಕಿಂತ ತೀರ ತಗ್ಗಾದರೆ ಏಳುವುದು ಕಷ್ಟ. ಗಾಲಿಕುರ್ಚಿಗಾಗಿ ಇಳಿಜಾರು ಕಟ್ಟುವುದಾದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದವಿರಬೇಕೆಂಬುದು ನಿಯಮ. 5 ಅಂಗುಲದ ಮೆಟ್ಟಿಲಿಗೆ 60 ಅಂಗುಲ, ಅಂದರೆ 5 ಅಡಿ ಉದ್ದದ ಇಳಿಜಾರು ಬೇಕು. ಗಣಿತದ ತರಗತಿಯಲ್ಲಿ ಕಲಿತ ಪ್ರಮಾಣವು ಹೀಗೆ ಅಜ್ಜನ ಗಾಲಿಕುರ್ಚಿಗೆ ಉಪಯೋಗಕ್ಕೆ ಬರುತ್ತದೆ!

ಐದನೆಯದಾಗಿ, ಆ ದಿನ ಮನೆಯಲ್ಲಿ ಯಾರಿರಬೇಕೆಂಬುದನ್ನು ನಿಶ್ಚಯಿಸಬೇಕು. ಯಾರ ಸಲುವಾಗಿ ಪರಿಶೀಲನೆಯೋ ಅವರು ಎಚ್ಚರವಾಗಿ, ಉಂಡು, ವಿಶ್ರಮಿಸಿ ಸಿದ್ಧರಿರಬೇಕು. ಅವರ ಆರೈಕೆ ಮಾಡುವವರೂ ಜೊತೆಗಿರಬೇಕು. ಬಾಡಿಗೆಯ ಮನೆಯಾದರೆ ಗೋಡೆಗೆ ಹಿಡಿಕೆ ಜಡಿಯಲು, ಮೆಟ್ಟಿಲನ್ನು ಬದಲಿಸಲು ಮಾಲಿಕರ ಒಪ್ಪಿಗೆ ಬೇಕು. ಆ ವಿಷಯವನ್ನು ಮುಂಚಿತವಾಗಿಯೇ ಅವರ ಕಿವಿಗೆ ಹಾಕಿದ್ದರೆ ಒಳ್ಳೆಯದು.

ಮಾತು ದಾಟಿಸುವ ಹೊಣೆ

ಇನ್ನು ನಾವು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇವೆ. ಗೋವೆಯಲ್ಲಿ ಬರುವ ಚಿಕಿತ್ಸಕರು ಕೊಂಕಣಿ, ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಆಡಬಹುದು. ಊರಿನಿಂದ ಬಂದ ಅಜ್ಜಿಗೆ ಕನ್ನಡವೊಂದೇ ಬರುತ್ತದೆ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಕೊಂಕಣಿಯನ್ನೂ ಕಲಿತ ಮಕ್ಕಳೇ ಆಗ ನಡುವೆ ನಿಲ್ಲಬೇಕಾಗುತ್ತದೆ. ಇದು ಸಣ್ಣ ಹೊಣೆಯಲ್ಲ.

ಒಂದು ಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದು, ಶಸ್ತ್ರಚಿಕಿತ್ಸೆಯಾಗಿ ಅಜ್ಜಿ ಮನೆಗೆ ಬಂದಿದ್ದಾರೆ. ಚಿಕಿತ್ಸಕರು ಮಂಚದ ಬಳಿ ಕುಳಿತು, 'ನಿಮಗೆ ಮತ್ತೆ ಯಾವ ಕೆಲಸ ಮಾಡಬೇಕೆಂದು ಆಸೆಯಿದೆ?' ಎಂದು ಕೇಳುತ್ತಾರೆ. ಅಜ್ಜಿ ಮೊಮ್ಮಗಳ ಕಡೆ ನೋಡಿ, "ನಸೀಕಲೆ ಎದ್ದು ನನ್ನ ಚಾ ನಾನ ಮಾಡ್ಕೋಬೇಕವ್ವಾ. ಸೊಸೀನ್ನ ಎಬ್ಬಸಬಾರದು" ಎನ್ನುತ್ತಾರೆ. ಅಷ್ಟರಲ್ಲಿ ತಂದೆ, "ಏನೂ ಬ್ಯಾಡಂತ ಅಂತ ಹೇಳವಾ. ಮತ್ತ ಒಲಿ ಕಡೆ ಹೋಗಿ ಬಿದ್ದಗಿದ್ದಾಳು" ಎಂದು ಹುಡುಗಿಗೆ ಹೇಳುತ್ತಾನೆ. ಅವನ ಮಾತಿನ ಹಿಂದಿರುವುದು ಪ್ರೀತಿಯೇ, ಭಯವೇ. ಆದರೆ ಹುಡುಗಿ ತಂದೆಯ ಮಾತನ್ನು ದಾಟಿಸಿದರೆ ಚಿಕಿತ್ಸಕರು ಬಚ್ಚಲಿಗೆ ಒಂದು ಹಿಡಿಕೆಯನ್ನೂ ಮಂಚಕ್ಕೆ ಒಂದು ಆಸರೆಯನ್ನೂ ಬರೆದುಕೊಟ್ಟು ಹೊರಡುತ್ತಾರೆ. ಅಜ್ಜಿ ಮಾತ್ರ ಒಂದು ದಿನ ಎಲ್ಲರೂ ಮಲಗಿರುವಾಗ, ಕತ್ತಲೆಯಲ್ಲಿ, ಯಾವ ಆಸರೆಯೂ ಇಲ್ಲದೆ ಅಡಿಗೆಮನೆಗೆ ಹೋಗಿಯೇ ಹೋಗುತ್ತಾರೆ.

ಹುಡುಗಿ ಅಜ್ಜಿಯ ಮಾತನ್ನು ಇದ್ದಂತೆ ಹೇಳಿ, ತಂದೆಯ ಆತಂಕವನ್ನೂ ತಂದೆಯದೆಂದೇ ಹೇಳಿದಳೆನ್ನಿ. ಆಗ ಚಿಕಿತ್ಸಕರು ಅಡಿಗೆಮನೆಯನ್ನು ನೋಡುತ್ತಾರೆ. ಚಹಾಪುಡಿ, ಸಕ್ಕರೆಯ ಡಬ್ಬಿಗಳು ಮೇಲಿನ ಹಲಗೆಯಿಂದ ಸೊಂಟದ ಎತ್ತರಕ್ಕೆ ಇಳಿಯುತ್ತವೆ; ನೆಲದ ಮೇಲಿದ್ದ ಸ್ಟೋವು ಕಟ್ಟೆಯ ಮೇಲೇರುತ್ತದೆ; ಕುಳಿತು ಮಾಡಲು ಬೆನ್ನು, ತೋಳುಗಳಿರುವ ಗಟ್ಟಿ ಕುರ್ಚಿ ಬರುತ್ತದೆ; ದೀಪದ ಗುಂಡಿ ಹಾಸಿಗೆಯಿಂದ ಕೈಗೆಟಕುವಂತಾಗುತ್ತದೆ; ನೀರು ತುಂಬಿದ ಪಾತ್ರೆಯನ್ನು ಎತ್ತದೆ ಲೋಟದಿಂದ ಹೊಯ್ದುಕೊಳ್ಳುವ ರೂಢಿಯನ್ನು ಚಿಕಿತ್ಸಕರು ಮಾಡಿ ತೋರಿಸುತ್ತಾರೆ. ಮೊದಲ ಕೆಲವು ದಿನ ಯಾರಾದರೂ ಬಳಿಯಲ್ಲಿರಬೇಕೆಂದೂ ಹೇಳುತ್ತಾರೆ. ತಂದೆಯ ಭಯಕ್ಕೂ ಅಜ್ಜಿಯ ಆಸೆಗೂ ಒಂದೇ ಉತ್ತರ ದೊರೆತಂತಾಯಿತು.

ಆದುದರಿಂದ ಮಾತು ದಾಟಿಸುವವರು ಅಜ್ಜಿಯ ಮಾತನ್ನು ಅಜ್ಜಿಯ ಮಾತಾಗಿಯೇ ಹೇಳಬೇಕು. ಸೇರಿಸಬಾರದು, ಕಳೆಯಬಾರದು, ತಿದ್ದಬಾರದು. ಸ್ನಾನ, ಶೌಚ ಮೊದಲಾದ ಸಂಕೋಚದ ವಿಷಯಗಳು ಬಂದಾಗ ಮಕ್ಕಳನ್ನು ಬಿಟ್ಟು, ಸೊಸೆಯೋ ಮಗಳೋ ನೆರೆಮನೆಯ ತಿಳಿದ ಹೆಣ್ಣುಮಗಳೋ ಆ ಕೆಲಸವನ್ನು ಮಾಡುವುದು ಉಚಿತ. ಪರಿಶೀಲನೆಯ ಹಿಂದಿನ ದಿನ ಮನೆಯವರು ಹಿರಿಯರ ಬಳಿ ಕುಳಿತು, ಅವರು ತಾವೇ ಮಾಡಬಯಸುವ ಮೂರು ಕೆಲಸಗಳು ಯಾವುವೆಂದು ಕೇಳಿ ಬರೆದುಕೊಂಡರೆ, ಅದಕ್ಕಿಂತ ಮಿಗಿಲಾದ ಸಿದ್ಧತೆ ಬೇರೊಂದಿಲ್ಲ.

ಪರಿಶೀಲನೆಯ ದಿನ ಮತ್ತು ಅನಂತರ

ಚಿಕಿತ್ಸಕರು ಮೊದಲು ಮಾತನಾಡಿಸುತ್ತಾರೆ. ಬಳಿಕ ಹಾಸಿಗೆಯಿಂದ ಏಳುವುದು, ಹೊಸ್ತಿಲು ದಾಟುವುದು, ಬಚ್ಚಲಿಗೆ ಹೋಗುವುದು ಮೊದಲಾದವುಗಳನ್ನು ಮಾಡಿ ತೋರಿಸಲು ಹೇಳುತ್ತಾರೆ. ಆಗ ಮನೆಯವರು ಪ್ರೀತಿಯಿಂದ ಓಡಿಹೋಗಿ ಕೈ ಹಿಡಿಯಬಾರದು. ಬೀಳದಂತೆ ನೋಡಿಕೊಳ್ಳಲು ಚಿಕಿತ್ಸಕರೇ ಪಕ್ಕದಲ್ಲಿರುತ್ತಾರೆ. ದಿನವೂ ಹೇಗೆ ಮಾಡುತ್ತಾರೋ ಹಾಗೆಯೇ ಅವರಿಗೆ ಕಾಣಬೇಕು. ನಲ್ಲಿಯ ಕೊಳವೆಯನ್ನೋ ಟವಲಿನ ಸರಳನ್ನೋ ಹಿಡಿದು ಏಳುವ ಅಭ್ಯಾಸವಿದ್ದರೆ ಅದನ್ನೂ ತೋರಿಸಬೇಕು. ಅವು ಮನುಷ್ಯನ ಭಾರವನ್ನು ತಡೆಯಲು ಮಾಡಿದವಲ್ಲವೆಂದು ಅವರು ವಿವರಿಸುತ್ತಾರೆ. ಹಿಡಿಕೆಯನ್ನು ಜಡಿಸುವಾಗ ಗೋಡೆ ಗಟ್ಟಿಯಾಗಿದೆಯೇ ಎಂಬುದನ್ನು ಗೌಂಡಿಯಿಂದ ನೋಡಿಸಲೇಬೇಕು.

ಬದಲಾವಣೆಯೆಂದರೆ ಮನೆ ಒಡೆಯುವುದೆಂದು ಅಂಜಬೇಕಾಗಿಲ್ಲ. ನಮ್ಮಲ್ಲಿ ಹೊಸ್ತಿಲು ಪೂಜ್ಯವಾದುದು. ಅದನ್ನು ಕೀಳದೆ ಇಕ್ಕೆಲಗಳಲ್ಲಿ ಹಲಗೆಯ ಇಳಿಜಾರನ್ನಿಡಬಹುದು. ಬಾಗಿಲ ಚೌಕಟ್ಟಿಗೆ ಹಿಡಿಕೆಯನ್ನು ಕೂಡಿಸಬಹುದು. ಹೊಸ್ತಿಲಿಗೆ ಹಚ್ಚುವ ಅರಿಶಿನ ಕುಂಕುಮ ಕಣ್ಣು ಮಬ್ಬಾದವರಿಗೆ ಅದರ ಅಂಚನ್ನು ತೋರಿಸಿಕೊಡುತ್ತದೆ. ಅದೇ ರೀತಿ ಮೆಟ್ಟಿಲುಗಳ ಅಂಚಿಗೂ ಎದ್ದು ಕಾಣುವ ಬಣ್ಣದ ಪಟ್ಟಿ ಬಳಿಯಬಹುದು. ಮಳೆಗಾಲದಲ್ಲಿ ಮೆಟ್ಟಿಲಿನ ಪಾಚಿಯನ್ನು ಆಗಾಗ ಉಜ್ಜಿ ತೆಗೆಯುವುದಕ್ಕೆ, ತಂತಿಯನ್ನು ಗೋಡೆಯ ಬದಿಗೆ ಸರಿಸುವುದಕ್ಕೆ, ದಾರಿಯ ಟ್ರಂಕನ್ನು ಮೂಲೆಗಿಡುವುದಕ್ಕೆ ಹಣವೇನೂ ಬೇಡ. ಸೂಚನೆಗಳಲ್ಲಿ ತಕ್ಷಣ ಮಾಡಬೇಕಾದುದಾವುದು, ಸಾವಕಾಶವಾಗಿ ಮಾಡಬಹುದಾದುದಾವುದು ಎಂದು ಕೇಳಿ ಬರೆಸಿಕೊಳ್ಳಬೇಕು. ಯಾವುದಾದರೂ ಸೂಚನೆ ಹಿರಿಯರಿಗೆ ಒಪ್ಪಿಗೆಯಾಗದಿದ್ದರೆ, 'ಬೇಡ' ಎನ್ನುವ ಹಕ್ಕು ಅವರಿಗುಂಟು. ಆಗ ಬೇರೆ ದಾರಿಯನ್ನು ಕೇಳಬೇಕು.

ಊರುಗೋಲು, ನಡೆಗೆಯ ಚೌಕಟ್ಟು, ಗಾಲಿಕುರ್ಚಿಗಳನ್ನು ಕೊಳ್ಳಲಾಗದ ಬಡ ವೃದ್ಧರಿಗಾಗಿ ಕೇಂದ್ರ ಸರಕಾರವು 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಆರಂಭಿಸಿತು. ಹಿರಿಯ ನಾಗರಿಕರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಸಾಂಗೆಯಂತಹ ಒಳನಾಡಿಗೆ ಚಿಕಿತ್ಸಕರು ಬರುವುದು ಎಲ್ಲರಿಗೂ ಒದಗಲಾರದು. ಆಗ ನಿರಾಶರಾಗಬೇಕಾಗಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ, 'ಮನೆಯಲ್ಲಿ ಹೇಗೆ ಎಂಬುದನ್ನು ಹೇಳಿಕೊಡುವವರು ಇದ್ದಾರೆಯೇ?' ಎಂದು ವೈದ್ಯರನ್ನು ಕೇಳಬೇಕು. ಮೊಬೈಲಿನಲ್ಲಿ ಮಂಚ, ಬಚ್ಚಲು, ಮೆಟ್ಟಿಲು, ಅಡಿಗೆಮನೆಗಳ ಚಿತ್ರಗಳನ್ನು ತೆಗೆದು, ಮೇಲೆ ಹೇಳಿದ ಅಳತೆಗಳನ್ನೂ ದಿನಚರಿಯನ್ನೂ ಒಯ್ದು ತೋರಿಸಿದರೆ, ಮಡಗಾಂವಿಯಲ್ಲೋ ಬಾಂಬೋಳಿಯಲ್ಲೋ ಕುಳಿತವರಿಗೂ ಸಾಂಗೆಯ ಮನೆಯ ಸ್ಥಿತಿ ಬಹುಮಟ್ಟಿಗೆ ಅರ್ಥವಾಗುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಇಂದು ಸಂಜೆ ಮನೆಗೆ ಹೋದೊಡನೆ ಒಂದು ಕೆಲಸ ಮಾಡಿರಿ. ನಿಮ್ಮ ಅಜ್ಜಿ ಅಥವಾ ಅಜ್ಜ ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಅವರ ಹಿಂದೆಯೇ, ಅವರ ಹೆಜ್ಜೆಯ ವೇಗದಲ್ಲಿಯೇ ಒಮ್ಮೆ ನಡೆದು ನೋಡಿರಿ. ನೀವು ದಿನವೂ ಹಾರಿ ದಾಟುವ ಆ ದಾರಿಯಲ್ಲಿ ಅವರಿಗೆ ಎಷ್ಟು ಅಡೆತಡೆಗಳಿವೆಯೆಂಬುದು ಆಗ ಕಾಣುತ್ತದೆ. ಬಳಿಕ ಅವರ ಪಕ್ಕದಲ್ಲಿ ಕುಳಿತು, 'ನಿಮಗೆ ಏನು ಮಾಡಬೇಕೆನಿಸುತ್ತದೆ?' ಎಂದು ಕೇಳಿರಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿರಿ. ಪರಿಶೀಲನೆಗೆ ಬೇಕಾದ ಸಿದ್ಧತೆಯಲ್ಲಿ ಅರ್ಧಭಾಗ ಅಲ್ಲಿಗೆ ಮುಗಿಯಿತು.